ಕೈಗೆ ಬರಬೇಕಾದ ಪಾಠ: ನರ್ಸ್‌ಗಳು ಮತ್ತು ಎಚ್‌ಐವಿ ಆರೈಕೆ

ನರ್ಸ್‌ಗಳ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಎಚ್‌ಐವಿ ಹೇಗೆ ಹರಡುತ್ತದೆ ಎಂದು ಕೇಳಿ. ಉತ್ತರ ಬಹುತೇಕ ಸರಿಯಾಗಿಯೇ ಬರುತ್ತದೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಕೂತು ಉಂಡರೆ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ. ಅಂಕ ಕೊಡಬಹುದು. ಆದರೆ ಅದೇ ಸಿಸ್ಟರ್ ಮಾರನೆಯ ದಿನ ಎಚ್‌ಐವಿ ಇದೆಯೆಂದು ಗೊತ್ತಿರುವ ರೋಗಿಯ ಬಿ.ಪಿ. ನೋಡಲು ಎರಡು ಜೊತೆ ಕೈಗವಸು ಹಾಕಿಕೊಳ್ಳುತ್ತಾರೆ, ಪಕ್ಕದ ಹಾಸಿಗೆಯವರ ರಕ್ತವನ್ನು ಬರಿಗೈಯಲ್ಲಿ ತೆಗೆಯುತ್ತಾರೆ. ಮೊದಲನೆಯದು ರೋಗಿಗೆ ಅವಮಾನ, ಎರಡನೆಯದು ಸಿಸ್ಟರ್‌ಗೇ ಅಪಾಯ. ಇವೆರಡೂ ಒಂದೇ ಬೇರಿನಿಂದ ಬಂದವು: ಸೋಂಕು ಯಾರಲ್ಲಿದೆ ಎಂದು ನಮಗೆ ಗೊತ್ತಿದೆ ಎಂಬ ನಂಬಿಕೆ. ನರ್ಸ್‌ಗಳಿಗೆ ಎಚ್‌ಐವಿ ಕಲಿಸುವವರು ಮೊದಲು ಅಲುಗಾಡಿಸಬೇಕಾದದ್ದು ಈ ನಂಬಿಕೆಯನ್ನು. ವೈರಸ್ಸಿನ ಚಿತ್ರ, ಅದು ದಾಳಿ ಮಾಡುವ ರೋಗನಿರೋಧಕ ಕೋಶವಾದ ಸಿಡಿ4ರ ಚಿತ್ರ ಆಮೇಲೆ ತೋರಿಸಿದರೂ ನಡೆಯುತ್ತದೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ, ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲ ಸುತ್ತಿನಲ್ಲೇ ಕರ್ನಾಟಕವೂ ಇತ್ತು. ಇವೆರಡರ ನಡುವಿನ ಹದಿನೆಂಟು ವರ್ಷಗಳಲ್ಲಿ ನರ್ಸಿಂಗ್ ಓದಿದವರು ಕಲಿತ ಎಚ್‌ಐವಿ ಬೇರೆಯೇ. ಔಷಧಿ ಬಡವರ ಕೈಗೆ ಸಿಗದಿದ್ದ, ರೋಗಿಗಳು ತೀರಾ ಸೊರಗಿದ ಮೇಲೆ ವಾರ್ಡಿಗೆ ಬರುತ್ತಿದ್ದ, ಬಂದವರಲ್ಲಿ ಅನೇಕರು ಉಳಿಯದಿದ್ದ ಕಾಲ ಅದು. ಆಗ ಕಲಿತವರೇ ಮುಂದೆ ನರ್ಸಿಂಗ್ ಕಾಲೇಜುಗಳಲ್ಲಿ ಬೋಧಕರಾದರು, ವಾರ್ಡ್ ಇನ್‌ಚಾರ್ಜ್‌ಗಳಾದರು. ಅವರ ಭಯ ಸುಳ್ಳಾಗಿರಲಿಲ್ಲ, ಆದರೆ ಅದು ಹಳೆಯ ಭಯ. ಇಂದು ದಿನಕ್ಕೊಂದು ಮಾತ್ರೆ. ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಮೂರೂ ಅದರಲ್ಲೇ ಸೇರಿವೆ. ಎಆರ್‌ಟಿ ಕೇಂದ್ರದಲ್ಲಿ ಟಿಎಲ್‌ಡಿ ಎನ್ನುತ್ತಾರೆ. ಸಿಡಿ4 ಕುಸಿಯುವವರೆಗೆ ಕಾಯುವ ಪದ್ಧತಿ 2017ರಲ್ಲೇ ಮುಗಿಯಿತು. ಈಗ ಸೋಂಕು ಖಚಿತವಾದರೆ ಚಿಕಿತ್ಸೆ, ಅಷ್ಟೆ. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಈ ಕೊನೆಯ ಮಾತನ್ನು ಇಂದಿಗೂ ಎಷ್ಟೋ ನರ್ಸಿಂಗ್ ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳಿರುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೆ ತರಬೇತಿ ಏರ್ಪಡಿಸುವ ಕಾಲೇಜು ಮೊದಲು ತನ್ನ ಬೋಧಕರನ್ನೇ ಕೂರಿಸಿಕೊಳ್ಳಬೇಕು.

ಭಯವನ್ನು ಬೈದು ಓಡಿಸಲಾಗದು, ಲೆಕ್ಕ ಕೊಟ್ಟು ಕರಗಿಸಬಹುದು. ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಯಿರಿ. ಸೋಂಕಿರುವ ರಕ್ತ ಹತ್ತಿದ ಸೂಜಿ ಸಾವಿರ ಸಲ ಚುಚ್ಚಿದರೆ, ಮುಂಜಾಗ್ರತೆಯ ಔಷಧಿ ತೆಗೆದುಕೊಳ್ಳದಿದ್ದರೂ, ಎಚ್‌ಐವಿ ತಗುಲುವುದು ಸುಮಾರು 3 ಸಲ. ಹೆಪಟೈಟಿಸ್ ಸಿ, ಹಳೆಯ ಅಂದಾಜಿನಂತೆ, ಸುಮಾರು 18 ಸಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ 60ರಿಂದ 300 ಸಲ. ಕಣ್ಣಿಗೋ ಬಾಯಿಗೋ ರಕ್ತ ಸಿಡಿದರೆ ಎಚ್‌ಐವಿ ಅಪಾಯ ಇನ್ನೂ ಕಡಿಮೆ, ಸಾವಿರಕ್ಕೆ ಒಂದಕ್ಕಿಂತಲೂ ಕೆಳಗೆ. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ಸೋಪು ಹಚ್ಚಿ ತೊಳೆದರೆ ಸಾಕು. ಈ ಸಾಲುಗಳ ಮುಂದೆ ತರಗತಿ ಸ್ವಲ್ಪ ಹೊತ್ತು ಮೌನವಾಗುತ್ತದೆ. ಆ ಹೊತ್ತಿನಲ್ಲೇ ಕೇಳಬೇಕು: ನಿಮ್ಮಲ್ಲಿ ಎಷ್ಟು ಜನ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿದ್ದೀರಿ? ಮೊದಲನೆಯದು ಸೇರಿದ ವರ್ಷ ಕಾಲೇಜೇ ಹಾಕಿಸುತ್ತದೆ, ಎರಡನೆಯದು ಒಂದು ತಿಂಗಳಿಗೆ. ಆರನೆಯ ತಿಂಗಳಿನ ಮೂರನೆಯ ಡೋಸ್ ರಜೆಯಲ್ಲೋ ಪರೀಕ್ಷೆಯ ಗಡಿಬಿಡಿಯಲ್ಲೋ ತಪ್ಪಿಹೋಗುತ್ತದೆ. ಮೂರನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಿಕೊಳ್ಳಬೇಕು. ಅದು ಒಂದು ಮಿ.ಲೀ.ಗೆ 10 ಮಿಲಿ-ಯೂನಿಟ್ (mIU) ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಎಚ್‌ಐವಿಗೆ ಹೆದರುವ ವಾರ್ಡ್ ತನ್ನ ಲಸಿಕೆ ರಿಜಿಸ್ಟರ್ ನೋಡಿಕೊಳ್ಳದಿರುವುದು ನಮ್ಮನ್ನು ಯಾವತ್ತೂ ಕಾಡುವ ವಿಷಯ. ತರಬೇತಿಯ ಮೊದಲ ದಿನವೇ ಬಾಕಿ ಡೋಸ್ ಹಾಕಿಸುವ ವ್ಯವಸ್ಥೆ ಮಾಡಿದರೆ, ಉಳಿದ ಪಾಠ ಒಳಗಿಳಿಯದಿದ್ದರೂ ಅಷ್ಟರಮಟ್ಟಿಗೆ ಆ ತರಬೇತಿ ಸಾರ್ಥಕ.

ಇನ್ನು ಸೂಜಿ. ಚುಚ್ಚಿಕೊಳ್ಳುವುದು ಹೆಚ್ಚಾಗಿ ಇಂಜೆಕ್ಷನ್ ಕೊಡುವಾಗಲ್ಲ, ಕೊಟ್ಟಾದ ಮೇಲೆ. ಮುಚ್ಚಳ ಮತ್ತೆ ಹಾಕುವಾಗ, ಸಿರಿಂಜಿನಿಂದ ರಕ್ತವನ್ನು ಟ್ಯೂಬಿಗೆ ಇಳಿಸುವಾಗ, ಕಿಡ್ನಿ ಟ್ರೇ ತೊಳೆಯುವಾಗ, ಹಾಸಿಗೆಯ ಬಟ್ಟೆ ಒದರುವಾಗ, ತುಂಬಿ ತುಳುಕುವ ಡಬ್ಬಿಗೆ ಇನ್ನೊಂದು ಸೂಜಿ ತುರುಕುವಾಗ. ಟ್ರೇ ತೊಳೆಯುವಾಗ, ಬಟ್ಟೆ ಒದರುವಾಗ ಗಾಯವಾಗುವುದು ಸಾಮಾನ್ಯವಾಗಿ ಆಯಾಗೆ, ಸ್ವಚ್ಛತಾ ಸಿಬ್ಬಂದಿಗೆ; ಸೂಜಿ ಬಿಟ್ಟುಹೋದವರಿಗಲ್ಲ. ಆದ್ದರಿಂದ ಅವರನ್ನು ಹೊರಗಿಟ್ಟ ತರಬೇತಿ ಅರ್ಧ ತರಬೇತಿ.

ಮುಚ್ಚಳ ಹಾಕಬೇಡಿ ಎಂದು ಹೇಳುವುದು ಸುಲಭ. ಆದರೆ ಬಳಸಿದ ಸೂಜಿಯನ್ನು ಕತ್ತರಿಸುವ ಹಬ್ ಕಟರ್ ವಾರ್ಡಿನ ಆ ತುದಿಯಲ್ಲಿ ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲಿದ್ದರೆ, ನಲವತ್ತು ಹಾಸಿಗೆ ನೋಡುವ ಒಬ್ಬ ಸಿಸ್ಟರ್ ಸೂಜಿಯನ್ನು ಬರಿದಾಗಿ ಹಿಡಿದು ಅಷ್ಟು ದೂರ ನಡೆಯುತ್ತಾರೆಯೇ? ಮುಚ್ಚಳ ಹಾಕಿಯೇ ಹಾಕುತ್ತಾರೆ. ತಪ್ಪು ಅವರ ಅಭ್ಯಾಸದಲ್ಲಿ ಅರ್ಧ, ಟ್ರಾಲಿಯಲ್ಲಿ ಅರ್ಧ. ಚುಚ್ಚಲಾಗದ ಬಿಳಿ ಡಬ್ಬಿಯೂ ಹಬ್ ಕಟರೂ ಟ್ರಾಲಿಯ ಮೇಲೆಯೇ, ಕೈಯಳತೆಯಲ್ಲಿ ಇರಬೇಕು. ಡಬ್ಬಿ ಮುಕ್ಕಾಲು ತುಂಬಿದೊಡನೆ ಬದಲಾಯಿಸಬೇಕು. ಮುಚ್ಚಳ ಹಾಕಲೇಬೇಕಾದ ಸಂದರ್ಭ ಬಂದರೆ ಒಂದೇ ಕೈಯಲ್ಲಿ ಹಾಕಬೇಕು: ಮುಚ್ಚಳವನ್ನು ಸಪಾಟಾದ ಜಾಗದಲ್ಲಿ ಮಲಗಿಸಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸೂಜಿಯ ತುದಿಯಿಂದಲೇ ಮುಚ್ಚಳವನ್ನು ಎತ್ತಿಕೊಂಡು, ಸಿರಿಂಜನ್ನು ನೇರ ಮಾಡಿದ ಮೇಲಷ್ಟೇ ಬುಡದಲ್ಲಿ ಒತ್ತಬೇಕು. ಇದನ್ನು ಸ್ಲೈಡಿನಲ್ಲಿ ತೋರಿಸಿ ಪ್ರಯೋಜನವಿಲ್ಲ. ಕೈ ಹಿಂದೆ ಕಟ್ಟಿಸಿ ಇಪ್ಪತ್ತು ಸಲ ಮಾಡಿಸಬೇಕು. ಆರೇಳನೆಯ ಸಲಕ್ಕೆ ಹಿಂದಿನ ಕೈ ತಾನಾಗಿ ಮುಂದೆ ಬರುವುದನ್ನು ನೋಡಿದರೆ, ಹಳೆಯ ಅಭ್ಯಾಸ ಎಷ್ಟು ಆಳದಲ್ಲಿ ಕೂತಿದೆ ಎಂದು ಅವರಿಗೇ ತಿಳಿಯುತ್ತದೆ.

ರಕ್ತ ಚೆಲ್ಲಿದರೆ ಏನು ಮಾಡಬೇಕು ಎನ್ನುವುದನ್ನೂ ಕೈಯಾರೆ ಮಾಡಿಸಬೇಕು. ಕುಂಕುಮ ಕಲಸಿದ ನೀರನ್ನು ನೆಲಕ್ಕೆ ಚೆಲ್ಲಿ. ಕೈಗವಸು ಹಾಕಿ, ಹೀರುವ ಬಟ್ಟೆ ಅಥವಾ ಕಾಗದ ಹಾಸಿ, ಅದರ ಮೇಲೆ ಶೇಕಡ 1ರ ಹೈಪೊಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು ಕನಿಷ್ಠ ಹತ್ತು ನಿಮಿಷ ಬಿಡಿ, ಆಮೇಲೆ ಎತ್ತಿ ಹಳದಿ ಚೀಲಕ್ಕೆ ಹಾಕಿ, ನೆಲವನ್ನು ಸೋಪು ನೀರಿನಿಂದ ಒರೆಸಿ. ಗಾಜು ಒಡೆದಿದ್ದರೆ ಚಿಮಟದಿಂದಲೇ ಎತ್ತಬೇಕು. ಇಲ್ಲಿ ತಪ್ಪುವುದು ಎರಡು ಕಡೆ. ಒಂದು, ಹತ್ತು ನಿಮಿಷ ಯಾರೂ ಕಾಯುವುದಿಲ್ಲ. ಇನ್ನೊಂದು, ದ್ರಾವಣವೇ ಸತ್ತಿರುತ್ತದೆ. ಅಂಗಡಿಯಿಂದ ಬರುವ ಶೇಕಡ 5ರ ಹೈಪೊಕ್ಲೋರೈಟನ್ನು ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಆಯಾ ದಿನವೇ ತಯಾರಿಸಬೇಕು. ಬಿಸಿಲು ಬೀಳುವ ಕಿಟಕಿಯಲ್ಲಿ, ಮುಚ್ಚಳವಿಲ್ಲದ ಬಕೆಟ್ಟಿನಲ್ಲಿ ಮೂರು ದಿನದಿಂದ ಇರುವ ದ್ರಾವಣದಲ್ಲಿ ಕ್ಲೋರಿನ್ನಿನ ವಾಸನೆಯಷ್ಟೇ ಉಳಿದಿರುತ್ತದೆ. ಡಬ್ಬಿಯ ಮೇಲೆ ಶೇಕಡಾವಾರು ಎಷ್ಟಿದೆ ಎಂದು ಓದದೆ ಅಂದಾಜಿನಲ್ಲಿ ಬೆರೆಸುವುದೂ ಉಂಟು. ಶೇಕಡ 4ರದಾದರೆ ಮೂರು ಪಾಲು ನೀರು ಸಾಕು.

ಈಗ, ಸೂಜಿ ಚುಚ್ಚಿಯೇಬಿಟ್ಟಿತು ಎನ್ನೋಣ. ಕೈಗವಸು ತೆಗೆದು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗಿಟ್ಟು ಚೀಪಬೇಡಿ, ಸ್ಪಿರಿಟ್, ಬ್ಲೀಚ್, ಡೆಟಾಲ್ ಸುರಿಯಬೇಡಿ. ಹಿಂಡಿದರೂ ತೀಕ್ಷ್ಣ ರಾಸಾಯನಿಕ ಹಾಕಿದರೂ ಅಂಗಾಂಶಕ್ಕೆ ಇನ್ನಷ್ಟು ಗಾಯವಾಗುತ್ತದೆಯೇ ಹೊರತು ರಕ್ಷಣೆ ಹೆಚ್ಚುವುದಿಲ್ಲ. ಕಣ್ಣಿಗೆ ಸಿಡಿದರೆ ತಲೆ ಹಿಂದಕ್ಕೆ ವಾಲಿಸಿ ನೀರು ಅಥವಾ ಸಲೈನ್ ಸುರಿಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಅದರ ಮೇಲೆಯೇ ತೊಳೆದು, ಆಮೇಲೆ ತೆಗೆದು, ಮತ್ತೆ ತೊಳೆಯಬೇಕು. ಬಾಯಿಗೆ ಹೋದರೆ ಉಗುಳಿ, ನೀರು ಮುಕ್ಕಳಿಸಿ, ಸೋಪು ಬೇಡ. ಇದೆಲ್ಲ ಐದು ನಿಮಿಷದ ಕೆಲಸ. ಅಲ್ಲಿಂದ ಮುಂದೆ ಗಡಿಯಾರ ಓಡುತ್ತಿರುತ್ತದೆ. ಮುಂಜಾಗ್ರತೆಯ ಮಾತ್ರೆ, ನರ್ಸ್‌ಗಳು ಪೆಪ್ ಎನ್ನುವುದು, ಎರಡು ಗಂಟೆಯೊಳಗೆ ಹೊಟ್ಟೆ ಸೇರಿದರೆ ಒಳ್ಳೆಯದು; 72 ಗಂಟೆ ದಾಟಿದ ಮೇಲೆ ಉಪಯೋಗವಿಲ್ಲ. ರೋಗಿಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯಬಾರದು. ಮೊದಲ ಮಾತ್ರೆ ನುಂಗಿ ಆಮೇಲೆ ಯೋಚಿಸಿ. ಅಗತ್ಯವಿಲ್ಲ ಎಂದು ತಿಳಿದುಬಂದರೆ ನಿಲ್ಲಿಸಬಹುದು. ಬೇಕೆಂದಾದರೆ 28 ದಿನ ಪೂರ್ತಿ. ಆ ದಿನವೇ ಸಿಸ್ಟರ್‌ಗೂ ಒಂದು ಪರೀಕ್ಷೆ, ಆಮೇಲೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಆ ಅವಧಿಯಲ್ಲಿ ರಕ್ತದಾನ ಬೇಡ, ಗಂಡ-ಹೆಂಡಿರ ನಡುವೆ ಕಾಂಡೋಮ್ ಬೇಕು, ಎದೆಹಾಲು ಕುಡಿಸುತ್ತಿದ್ದರೆ ಆ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮರೆಯಬಾರದು.

ಇದೆಲ್ಲ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಇರುತ್ತದೆ. ಪೋಸ್ಟರಿನಲ್ಲಿ ಇಲ್ಲದ್ದು: ರಾತ್ರಿ ಎರಡು ಗಂಟೆಗೆ ಆ ಮಾತ್ರೆ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಬಳಿ ಇದೆ, ಆ ಮಾತ್ರೆಗಳ ಬಳಕೆಯ ಅವಧಿ ಮುಗಿದಿದೆಯೇ. ಔಷಧಿ ಉಗ್ರಾಣದಲ್ಲಿದ್ದು ಉಗ್ರಾಣ ಸಂಜೆ ಐದಕ್ಕೆ ಮುಚ್ಚುವುದಾದರೆ, ಆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಪೆಪ್ ಇಲ್ಲವೆಂದೇ ಲೆಕ್ಕ. ಆದ್ದರಿಂದ ಮುನ್ಸೂಚನೆ ಕೊಡದೆ ಅಣಕು ಪರೀಕ್ಷೆ ನಡೆಸಬೇಕು. ರಾತ್ರಿ ಪಾಳಿಯ ಕಿರಿಯ ಸಿಸ್ಟರ್‌ಗೆ ‘ಈಗ ನಿಮಗೆ ಸೂಜಿ ಚುಚ್ಚಿದೆ’ ಎಂದು ಹೇಳಿ, ಮಾತ್ರೆ ಕೈಗೆ ಬರುವವರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಕ್ಯಾಜುವಾಲ್ಟಿ ಮತ್ತು ಹೆರಿಗೆ ವಾರ್ಡ್ ಎರಡರಲ್ಲೂ ಮೊದಲ ಮೂರು ದಿನಕ್ಕಾಗುವಷ್ಟು ಮಾತ್ರೆ ಇಟ್ಟರೆ ಈ ತೊಂದರೆಯೇ ಇಲ್ಲ. ಸಣ್ಣ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಂತೂ ಹತ್ತಿರದ ಸರ್ಕಾರಿ ಎಆರ್‌ಟಿ ಕೇಂದ್ರ ಯಾವುದು, ರಜಾದಿನ ಯಾರಿಗೆ ಫೋನ್ ಮಾಡಬೇಕು ಎಂಬುದು ಬರೆದಿರಲೇಬೇಕು. ಮಾಹಿತಿಗಾದರೆ 1097 ಉಚಿತ ಸಹಾಯವಾಣಿ ಇದೆ.

ಚುಚ್ಚಿಸಿಕೊಂಡವರು ಹೇಳದೆ ಸುಮ್ಮನಿರುವುದು ಇನ್ನೂ ದೊಡ್ಡ ಸಮಸ್ಯೆ. ‘ಅಜಾಗರೂಕತೆ ನಿನ್ನದೇ’ ಎಂಬ ಬೈಗುಳ, ಮೂರು ಪ್ರತಿ ತುಂಬಬೇಕಾದ ಫಾರಂ, ತನ್ನ ರಕ್ತದ ಫಲಿತಾಂಶ ಇಡೀ ಹಾಸ್ಟೆಲಿಗೆ ಗೊತ್ತಾದೀತೆಂಬ ಆತಂಕ, ಮದುವೆ ಗೊತ್ತಾಗಿರುವ ಹುಡುಗಿಯಾದರೆ ಮನೆಯವರ ಭಯ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ 19ನೆಯ ಕಲಂ ಪ್ರಕಾರ ಸೋಂಕಿನ ಅಪಾಯವಿರುವ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ಅದನ್ನು ಬಳಸುವ ತರಬೇತಿ, ಪೆಪ್ ಮೂರನ್ನೂ ಒದಗಿಸುವುದು ಆರೋಗ್ಯ ಸಂಸ್ಥೆಯ ಹೊಣೆ. ಇದು ಸಿಸ್ಟರ್‌ಗಳ ಹಕ್ಕು. ಕಾಯ್ದೆಯೆಂದರೆ ರೋಗಿಯ ಪರವಾಗಿ ತಮ್ಮ ಮೇಲೆ ಹೇರಿದ ಹೊರೆ ಎಂದುಕೊಂಡವರಿಗೆ ಈ ಕಲಂ ಓದಿ ಹೇಳಿದರೆ, ಉಳಿದ ಕಲಂಗಳನ್ನು ಕೇಳುವ ಮನಸ್ಸು ಬರುತ್ತದೆ.

ಉಳಿದ ಕಲಂಗಳೂ ವಾರ್ಡಿನ ದಿನನಿತ್ಯದ ಸಂಗತಿಗಳೇ. ತಿಳಿಸಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ‘ಆಪರೇಷನ್‌ಗೆ ಎಲ್ಲ ಟೆಸ್ಟ್ ಆಗಬೇಕು, ಇಲ್ಲಿ ಸಹಿ ಹಾಕಿ’ ಎನ್ನುವುದು ಒಪ್ಪಿಗೆಯಲ್ಲ. ಸೋಂಕಿದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ರೋಗಿಯ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ. ಗಂಡನಿಗೋ ಹೆಂಡತಿಗೋ ಹೇಳಲೇಬೇಕಾದ ಅಪರೂಪದ ಸಂದರ್ಭದಲ್ಲೂ ಅದನ್ನು ಹೇಳುವ ಅಧಿಕಾರ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ, ಅದೂ ಕಾಯ್ದೆ ಹೇಳಿದ ಕ್ರಮದಲ್ಲಿ. ‘ಪಾಪ, ಆ ಹೆಣ್ಣುಮಗಳಿಗೆ ಗೊತ್ತಾಗಲಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಬಾಯಿಬಿಡುವ ಸಿಸ್ಟರ್‌ಗೆ ಈ ಗೆರೆ ಸ್ಪಷ್ಟವಾಗಿ ತಿಳಿದಿರಬೇಕು. ಅವರು ಮಾಡಬೇಕಾದದ್ದು ಆ ಕುಟುಂಬವನ್ನು ಐಸಿಟಿಸಿಗೆ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಮುಟ್ಟಿಸುವುದು.

ಆದರೆ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಮಾತಿನಿಂದಲ್ಲ. ಕೇಸ್ ಶೀಟಿನ ಮುಖಪುಟದಲ್ಲಿ ಕೆಂಪು ಶಾಯಿಯ ಗುರುತು, ಮಂಚಕ್ಕೆ ಅಂಟಿಸಿದ ಸ್ಟಿಕ್ಕರ್, ವಾರ್ಡಿನ ಕೊನೆಯ ಮೂಲೆಯ ಹಾಸಿಗೆ, ಬೇರೆ ತಟ್ಟೆ ಲೋಟ, ಪಾಳಿ ಬದಲಾಗುವಾಗ ಹಾಸಿಗೆಯ ಬುಡದಲ್ಲೇ ನಿಂತು ಎಚ್‌ಐವಿ ಎನ್ನುವ ಬದಲು ಹೇಳುವ ‘ರೆಟ್ರೋ’. ರೋಗಿಯ ಜೊತೆಗಿರುವ ಅಟೆಂಡರ್‌ಗಳು ಎರಡು ದಿನದಲ್ಲಿ ಆ ಸಂಕೇತವನ್ನು ಬಿಡಿಸಿಕೊಳ್ಳುತ್ತಾರೆ. ಔಷಧಿ ಹೊಂದಿಸಲು, ಚಿಕಿತ್ಸೆ ಯೋಜಿಸಲು ಬೇಕಾದವರಿಗೆ ಮಾಹಿತಿ ಒಳಪುಟದಲ್ಲಿರಲಿ. ಮುಖಪುಟದಲ್ಲಿ ಬರೆಯುವುದರಿಂದ ಯಾರಿಗೂ ರಕ್ಷಣೆ ಸಿಗದು. ಸ್ಟಿಕ್ಕರ್ ಇದ್ದವರ ಬಳಿ ಎಚ್ಚರ, ಇಲ್ಲದವರ ಬಳಿ ನಿರಾಳ ಎಂಬ ಮೊದಲಿನ ತಪ್ಪೇ ಅದರಿಂದ ಗಟ್ಟಿಯಾಗುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ, ಅಂದರೆ ವಿಂಡೋ ಪೀರಿಯಡ್‌ನಲ್ಲಿ, ಪರೀಕ್ಷೆ ನೆಗೆಟಿವ್ ತೋರಿಸಬಹುದು, ಆದರೆ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುವುದು ಆಗಲೇ. ವರ್ಷಗಳಿಂದ ಮಾತ್ರೆ ನುಂಗುತ್ತಿರುವ ಸ್ಟಿಕ್ಕರ್ ರೋಗಿಗಿಂತ, ನೆಗೆಟಿವ್ ವರದಿ ಹಿಡಿದ ಈತನ ರಕ್ತ ಅಪಾಯಕಾರಿ ಇರಬಹುದು. ಸ್ಟಿಕ್ಕರ್ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ.

ಹೆರಿಗೆ ಕೋಣೆಗೆ ಬರೋಣ. ಎಚ್‌ಐವಿ ಆರೈಕೆಯಲ್ಲಿ ನರ್ಸ್ ಕೈಯಲ್ಲಿ ಅತಿ ಹೆಚ್ಚು ಫಲ ಇರುವ ಜಾಗ ಇದೇ. ರಕ್ತ, ಗರ್ಭಜಲ ಹೆಚ್ಚು ಸಿಡಿಯುವ ಜಾಗವೂ ಇದೇ. ಕನ್ನಡಕ, ಏಪ್ರನ್, ಮುಚ್ಚಿದ ಪಾದರಕ್ಷೆ ಇಲ್ಲಿ ಪ್ರತಿ ಹೆರಿಗೆಗೂ ಬೇಕು. ತಪಾಸಣೆಗೆ ಎಂದೂ ಬರದೆ ನೋವು ಶುರುವಾದ ಮೇಲೆ ಬಂದ ಹೆಣ್ಣುಮಗಳಿಗೆ, ಒಪ್ಪಿಗೆ ಪಡೆದು, ಬೆರಳ ರಕ್ತದ ಶೀಘ್ರ ಪರೀಕ್ಷೆ. ರಿಯಾಕ್ಟಿವ್ ಬಂದರೆ, ಅಂದರೆ ಸೋಂಕಿನ ಸುಳಿವು ಸಿಕ್ಕರೆ, ಖಚಿತ ಪರೀಕ್ಷೆ ಐಸಿಟಿಸಿಯಲ್ಲಿ ಆಮೇಲೆ ಆಗಲಿ, ಟಿಎಲ್‌ಡಿ ಮಾತ್ರೆ ಆಗಲೇ ಆರಂಭ. ಈ ಮಾತನ್ನು ನೋವಿನ ನಡುವೆ, ಅತ್ತೆ ಪಕ್ಕದಲ್ಲಿ ನಿಂತಿರುವಾಗ ಹೇಳುವುದು ಹೇಗೆ? ‘ಮಗುವಿಗೆ ತೊಂದರೆ ಆಗಬಾರದು ಅಂತ ಒಂದು ಮಾತ್ರೆ ಕೊಡ್ತಿದ್ದೀನಿ ಕಣಮ್ಮಾ, ಹೆರಿಗೆ ಆದಮೇಲೆ ಕೂತು ಎಲ್ಲಾ ಹೇಳ್ತೀನಿ’ ಎಂದು ಶುರುಮಾಡಿ, ಅಟೆಂಡರನ್ನು ಏನೋ ತರಲು ಹೊರಗೆ ಕಳಿಸಿ, ಎರಡು ವಾಕ್ಯದಲ್ಲಿ ನಿಜ ಹೇಳುವುದನ್ನು ತರಬೇತಿಯಲ್ಲಿ ಪಾತ್ರ ಹಾಕಿ ಅಭ್ಯಾಸ ಮಾಡಿಸಬೇಕು. ಹೆರಿಗೆಯಲ್ಲಿ ನೀರಿನ ಚೀಲ ತಾವಾಗಿ ಒಡೆಯದಿರುವುದು, ಅಗತ್ಯವಿಲ್ಲದೆ ಎಪಿಸಿಯಾಟಮಿ (ಹೆರಿಗೆ ದಾರಿ ಹಿಗ್ಗಿಸುವ ಕೊಯ್ತ) ಹಾಕದಿರುವುದು, ಹೊಕ್ಕುಳಬಳ್ಳಿಯನ್ನು ಹಿಂಡದಿರುವುದು, ಮಗುವಿನ ಮೈಯ ರಕ್ತವನ್ನು ಬೇಗ ಒರೆಸುವುದು. ತಾಯಿಯ ಮೈ ಕೈ ತಾಕುವುದು ಬೇಡವೆಂದು ಮಗುವನ್ನು ದೂರ ಇಡುವುದು ತಪ್ಪು.

ಮಗುವಿಗೆ ಸೋಂಕು ತಗುಲದಂತೆ ತಡೆಯುವ ನೆವಿರಪಿನ್ ಸಿರಪ್ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆರಂಭವಾಗಬೇಕು. ಒಂದು ಮಿ.ಲೀ.ಯಲ್ಲಿ 10 ಮಿ.ಗ್ರಾಂ ಔಷಧಿ ಇರುತ್ತದೆ. ಮಗುವಿನ ತೂಕ ಎರಡೂವರೆ ಕಿಲೋ ದಾಟಿದ್ದರೆ ದಿನಕ್ಕೊಮ್ಮೆ ಒಂದೂವರೆ ಮಿ.ಲೀ., ಎರಡರಿಂದ ಎರಡೂವರೆ ಕಿಲೋ ಇದ್ದರೆ ಒಂದು ಮಿ.ಲೀ., ಎರಡು ಕಿಲೋಗಿಂತ ಕಡಿಮೆಯಿದ್ದರೆ ಕಿಲೋಗೆ 2 ಮಿ.ಗ್ರಾಂ ಲೆಕ್ಕ. ತಾಯಿ ಚೆನ್ನಾಗಿ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಹತೋಟಿಯಲ್ಲಿದ್ದರೆ ಆರು ವಾರ. ಆಕೆ ಚಿಕಿತ್ಸೆಯನ್ನೇ ಪಡೆಯದಿದ್ದರೆ, ಹೆರಿಗೆಯ ಹೊತ್ತಿಗೆ ಗೊತ್ತಾಗಿದ್ದರೆ, ಲೋಡ್ ಇಳಿಯದಿದ್ದರೆ ಮಗುವಿಗೆ ಜಿಡೊವುಡಿನ್ ಎಂಬ ಇನ್ನೊಂದು ಔಷಧಿ ಕೂಡ ಸೇರುತ್ತದೆ; ಅಂಥ ಮಗು ಎದೆಹಾಲು ಕುಡಿಯುತ್ತಿದ್ದರೆ ಅವಧಿ ಹನ್ನೆರಡು ವಾರ. ಪ್ರಮಾದ ಆಗುವುದು ಮಿ.ಗ್ರಾಂ ಮತ್ತು ಮಿ.ಲೀ. ಬೆರೆತಾಗ. ಕಾರ್ಡಿನ ಮೇಲೆ ಬರೀ ‘15’ ಎಂದು ಬರೆದರೆ ಅದು ಮಿ.ಗ್ರಾಂ ಎಂದು ಮನೆಯಲ್ಲಿ ಯಾರಿಗೆ ಗೊತ್ತು? ‘ಒಂದೂವರೆ ಮಿ.ಲೀ., ದಿನಕ್ಕೆ ಒಂದು ಸಲ’ ಎಂದು ಕನ್ನಡದಲ್ಲಿ ಬರೆದು, ಸೂಜಿಯಿಲ್ಲದ ಸಿರಿಂಜಿನ ಮೇಲೆ ಆ ಗೆರೆಗೆ ಟೇಪ್ ಅಂಟಿಸಿ, ಬಾಟಲಿ ಕುಲುಕಿಸಿ, ತಾಯಿಯ ಕೈಯಲ್ಲೇ ತುಂಬಿಸಿ ಹಾಕಿಸಿ ನೋಡಿದ ಮೇಲೆ ಡಿಸ್ಚಾರ್ಜ್. ‘ಅರ್ಥ ಆಯ್ತಾ’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ.

ಎದೆಹಾಲಿನ ವಿಷಯದಲ್ಲಿ ಹಳೆಯ ಪಾಠ ಇನ್ನೂ ಉಳಿದುಕೊಂಡಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವ ತಾಯಿ ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಬಹುದು. ಎದೆಹಾಲೂ ಬಾಟಲಿ ಹಾಲೂ ಎರಡನ್ನೂ ಬೆರೆಸುವುದು ಮೊದಲ ಆರು ತಿಂಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನ ಹಾಲು, ನೀರು ಕರುಳಿನ ಒಳಪದರ ಕೆಣಕಿ ವೈರಸ್ಸಿಗೆ ದಾರಿ ಮಾಡಬಲ್ಲದು. ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಗ್ರೈಪ್ ವಾಟರ್ ಇವೂ ಅದರಲ್ಲೇ ಸೇರಿದವು. ಅಜ್ಜಿಗೆ ಇದನ್ನು ಎಚ್‌ಐವಿ ಹೆಸರೆತ್ತದೆ, ಎಲ್ಲ ಮಕ್ಕಳಿಗೂ ಹೇಳುವ ಮಾತಾಗಿಯೇ ಹೇಳಬಹುದು. ಆರು ವಾರಕ್ಕೆ ಮಗುವಿನ ಹಿಮ್ಮಡಿಯಿಂದ ಎಚ್‌ಐವಿ ಪರೀಕ್ಷೆಗೆ ಒಣರಕ್ತದ ಮಾದರಿ, ಬೇರೆ ಸೋಂಕು ತಡೆಯುವ ಕೊಟ್ರಿಮಾಕ್ಸಜೋಲ್ ಆರಂಭ. ಹದಿನೆಂಟನೆಯ ತಿಂಗಳಲ್ಲಿ ಅಂತಿಮ ಪರೀಕ್ಷೆ. ಆರು ವಾರದ ಡಿಪಿಟಿ-ಪೆಂಟಾ ಚುಚ್ಚುಮದ್ದಿಗೆ ಬಂದಾಗಲೇ ಇದನ್ನು ಮುಗಿಸುವಂತೆ ದಿನ ಹೊಂದಿಸಿದರೆ ಮಕ್ಕಳು ತಪ್ಪಿಹೋಗುವುದು ಕಡಿಮೆಯಾಗುತ್ತದೆ.

ಗರ್ಭಿಣಿಯರ ವಿಷಯದಲ್ಲೇ ಇನ್ನೊಂದು. ಡೊಲುಟೆಗ್ರಾವಿರ್ ಕಬ್ಬಿಣ, ಕ್ಯಾಲ್ಸಿಯಂ, ಅಲ್ಯುಮಿನಿಯಂ-ಮೆಗ್ನೀಸಿಯಂ ಇರುವ ಅಸಿಡಿಟಿ ಔಷಧಿಗಳ ಜೊತೆ ಹೊಟ್ಟೆಯಲ್ಲಿ ಕಟ್ಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಪ್ರತಿ ಗರ್ಭಿಣಿಗೂ ನಾವೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತೇವೆ. ಆಕೆ ಮರೆಯಬಾರದೆಂದು ಎಲ್ಲವನ್ನೂ ರಾತ್ರಿ ಒಟ್ಟಿಗೆ, ಬರಿಹೊಟ್ಟೆಯಲ್ಲಿ ನುಂಗಿದರೆ, ಒಂದೂ ತಪ್ಪಿಸದೆಯೂ ವೈರಲ್ ಲೋಡ್ ಇಳಿಯದಿರಬಹುದು. ಎಚ್‌ಐವಿ ಮಾತ್ರೆಯನ್ನು ಇವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಆದರೆ ಊಟದ ಜೊತೆ ಒಟ್ಟಿಗೆ ತೆಗೆದುಕೊಂಡರೂ ನಡೆಯುತ್ತದೆ. ಅಸಿಡಿಟಿ ಔಷಧಿಗೆ ಆ ವಿನಾಯಿತಿ ಇಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ 50 ಮಿ.ಗ್ರಾಂ ಹನ್ನೆರಡು ಗಂಟೆಯ ಅಂತರದಲ್ಲಿ ಇನ್ನೊಮ್ಮೆ ಬೇಕು. ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ಮೀರಬಾರದು. ವೈದ್ಯರು ಬರೆದುಕೊಡುತ್ತಾರೆ, ನಿಜ. ಆದರೆ ಚೀಲದಲ್ಲಿ ಏನೇನು ಮಾತ್ರೆ ಇದೆ ಎಂದು ಮಂಚದ ಮೇಲೆ ಸುರಿಸಿ ನೋಡಬಲ್ಲವರು ಸಿಸ್ಟರ್ ಒಬ್ಬರೇ.

ಮಾತ್ರೆ ತಪ್ಪುವ ಲೆಕ್ಕವೂ ಕಲಿಸಬೇಕಾದದ್ದು. ತಿಂಗಳ 30ರಲ್ಲಿ ಒಂದು ತಪ್ಪಿದರೆ ನುಂಗಿದ ಪ್ರಮಾಣ ಶೇಕಡ 96ರ ಮೇಲಿರುತ್ತದೆ, ಎರಡು ತಪ್ಪಿದರೆ 93ಕ್ಕೆ ಇಳಿಯುತ್ತದೆ. ಇಟ್ಟುಕೊಂಡ ಗುರಿ 95. ‘ಸರಿಯಾಗಿ ತಗೊಳ್ತಿದ್ದೀರಾ?’ ಎಂದು ಕೇಳಿದರೆ ‘ಹೂಂ ಸಿಸ್ಟರ್’ ಎಂಬ ಉತ್ತರವೇ ಬರುತ್ತದೆ. ‘ಎಲ್ಲರಿಗೂ ಒಂದೊಂದು ಸಲ ತಪ್ಪತ್ತೆ, ಹೋದ ವಾರ ಯಾವಾಗ ತಪ್ಪಿತಣ್ಣಾ?’ ಎಂದರೆ ನಿಜ ಹೊರಬರುತ್ತದೆ. ಕಬ್ಬು ಕಡಿಯಲು ಊರು ಬಿಟ್ಟದ್ದು, ಗೋವಾದ ಕಟ್ಟಡ ಕೆಲಸಕ್ಕೆ ಹೋದದ್ದು, ಜಾತ್ರೆಗೆ ಬಂದ ನೆಂಟರ ಮುಂದೆ ಡಬ್ಬಿ ತೆರೆಯಲಾಗದ್ದು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ, ಒಂದು ಕಾಲಕ್ಕೆ ಸೋಂಕಿನ ಪ್ರಮಾಣ ಹೆಚ್ಚಿದ್ದ ಬೆಳಗಾವಿ, ಬಾಗಲಕೋಟೆಯಂಥ ಕಡೆ, ಗುಳೆ ಹೋಗುವ ಕಾಲ ಯಾವುದೆಂದು ತಿಳಿದ ಸಿಸ್ಟರ್ ಮೊದಲೇ ಹೆಚ್ಚುವರಿ ತಿಂಗಳ ಮಾತ್ರೆಯನ್ನೋ ಹೋಗುವ ಊರಿನ ಎಆರ್‌ಟಿ ಕೇಂದ್ರದ ವರ್ಗಾವಣೆ ಚೀಟಿಯನ್ನೋ ಕೊಡಿಸಬಲ್ಲರು. ಡಬ್ಬಿ ಅಲುಗಾಡಿದಾಗ ಸದ್ದಾಗುತ್ತದೆಂದು ಒಳಗೆ ಹತ್ತಿ ತುರುಕುವವರಿದ್ದಾರೆ. ಅದನ್ನು ಕಂಡಾಗ ಬೈಯದೆ, ಮನೆಯಲ್ಲಿ ಯಾರಿಗೆ ಗೊತ್ತಿಲ್ಲ ಎಂದು ಮೆಲ್ಲಗೆ ಕೇಳಬೇಕು.

ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಒಂದಕ್ಕೆ ಹೌದೆಂದರೂ ಕ್ಷಯದ ಪರೀಕ್ಷೆ. ಸಿಡಿ4 200ಕ್ಕಿಂತ ಕೆಳಗಿದ್ದು ಈಗಷ್ಟೇ ಚಿಕಿತ್ಸೆ ಶುರುಮಾಡಿದವರಲ್ಲಿ ಮೊದಲ ಕೆಲವು ವಾರ ವಿಶೇಷ ಗಮನ ಬೇಕು. ಚೇತರಿಸಿಕೊಳ್ಳುತ್ತಿರುವ ರೋಗನಿರೋಧಕ ಶಕ್ತಿ ಅಡಗಿದ್ದ ಸೋಂಕಿನ ಮೇಲೆ ಒಮ್ಮೆಗೇ ಎರಗಿದಾಗ ರೋಗಿ ಮೊದಲಿಗಿಂತ ಕೆಟ್ಟಂತೆ ಕಾಣುತ್ತಾರೆ. ಬಿಡದ ತಲೆನೋವು-ವಾಂತಿ, ಏದುಸಿರು, ಮಂಜಾದ ಕಣ್ಣು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದು ಮೊದಲೇ ಹೇಳಿಡಬೇಕು.

ಇಷ್ಟನ್ನು ಒಂದೇ ಕಾರ್ಯಾಗಾರದಲ್ಲಿ ತುರುಕಲಾಗದು. ಭಾರತೀಯ ಶುಶ್ರೂಷಾ ಪರಿಷತ್ತು ಗ್ಲೋಬಲ್ ಫಂಡ್ ನೆರವಿನಿಂದ ದೇಶದಾದ್ಯಂತ ನರ್ಸ್‌ಗಳಿಗೆ ಎಚ್‌ಐವಿ ತರಬೇತಿ ನಡೆಸಿತ್ತು. ಅಂಥ ದೊಡ್ಡ ಕಾರ್ಯಕ್ರಮಗಳಿಗೆ ಬೆಲೆಯಿದೆ, ಆದರೆ ಗುತ್ತಿಗೆ ಸಿಬ್ಬಂದಿ ವರ್ಷಕ್ಕೊಮ್ಮೆ ಬದಲಾಗುವ ಆಸ್ಪತ್ರೆಯಲ್ಲಿ ಅದರ ಫಲ ಬೇಗ ಸೋರಿಹೋಗುತ್ತದೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಇಪ್ಪತ್ತು ನಿಮಿಷ, ಒಂದು ವಾರಕ್ಕೆ ಒಂದೇ ವಿಷಯ, ವಾರ್ಡಿನ ಟ್ರಾಲಿಯ ಪಕ್ಕದಲ್ಲೇ: ಹೀಗೆ ನಡೆಯುವುದು ಹೆಚ್ಚು ಉಳಿಯುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊನೆಯ ಲಿಖಿತ ಪರೀಕ್ಷೆಗೆ ಬದಲು ವಾರ್ಡನ್ನೇ ನೋಡಿ. ಡಬ್ಬಿ ಮುಕ್ಕಾಲಿಗಿಂತ ಹೆಚ್ಚು ತುಂಬಿದೆಯೇ, ಅದರೊಳಗೆ ಮುಚ್ಚಳ ಹಾಕಿದ ಸೂಜಿಗಳಿವೆಯೇ, ಮುಖಪುಟದಲ್ಲಿ ಗುರುತಿದೆಯೇ, ಹೈಪೊಕ್ಲೋರೈಟ್ ಡಬ್ಬಿಯ ಮೇಲೆ ಇವತ್ತಿನ ದಿನಾಂಕವಿದೆಯೇ.

ಬೆಂಗಳೂರು, ಮುಂಬೈಗಳಲ್ಲಿ ಆಸ್ಪತ್ರೆ ಸಿಬ್ಬಂದಿಯ ನಡುವೆ ನಡೆದ ಸಂಶೋಧನೆಗಳು ಕಳಂಕಕ್ಕೆ ಎರಡು ಮೂಲ ಗುರುತಿಸಿವೆ. ಒಂದು, ಸಾಮಾನ್ಯ ಒಡನಾಟದಿಂದಲೇ ತಗುಲೀತೆಂಬ ಭಯ. ಇನ್ನೊಂದು, ಮಾಡಿದ್ದನ್ನು ಉಣ್ಣುತ್ತಿದ್ದಾರೆ ಎಂಬ ತೀರ್ಪು. ಮೊದಲನೆಯದಕ್ಕೆ ಮೇಲಿನ ಲೆಕ್ಕಗಳು ಸಾಕು. ಎರಡನೆಯದಕ್ಕೆ ಲೆಕ್ಕ ಸಾಲದು, ಮನುಷ್ಯರು ಬೇಕು. ಸೋಂಕಿನೊಂದಿಗೆ ಬದುಕುತ್ತಿರುವವರ ಸಂಘಗಳು ಹೆಚ್ಚಿನ ಜಿಲ್ಲೆಗಳಲ್ಲಿವೆ. ಅವರನ್ನು ಅತಿಥಿಗಳಾಗಿ ಕರೆಯದೆ, ಗೌರವಧನ ಕೊಟ್ಟು ಬೋಧಕರಾಗಿ ಕರೆಯಬೇಕು. ಅಳಿಸುವ ಕಥೆ ಹೇಳಿ ಎಂದು ಅವರನ್ನು ಕೇಳಬಾರದು. ಕ್ಯಾನುಲಾ ಹಾಕುವಾಗ ಸಿಸ್ಟರ್ ಮುಖ ತಿರುಗಿಸಿದ್ದು ಹೇಗೆ ತಿಳಿಯಿತು, ಯಾವ ಮಾತು ಕೇಳಿ ಮತ್ತೆ ಆ ಆಸ್ಪತ್ರೆಗೆ ಹೋಗಲಿಲ್ಲ, ಯಾರು ಹೇಗೆ ಮಾತಾಡಿಸಿದ್ದರಿಂದ ಮಾತ್ರೆ ಮುಂದುವರಿಸಿದರು ಎಂದು ಕೇಳಬೇಕು. ಆಮೇಲೆ ಅದೇ ತಂಡವನ್ನು ಅವರ ಜೊತೆ ಚಹಾಕ್ಕೆ ಕೂರಿಸಬೇಕು. ಈ ಅವಧಿಯನ್ನು ತರಬೇತಿಯ ಕೊನೆಗೆ ಇಟ್ಟರೆ ಸಮಯ ಸಾಲದೆ ರದ್ದಾಗುತ್ತದೆ. ಮೊದಲ ದಿನದ ಊಟಕ್ಕೆ ಮುಂಚೆಯೇ ಇಡುವುದು ಒಳ್ಳೆಯದು.